ಹೊರೇಸ್ ಗ್ರೀಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪತ್ರಿಕೆಗಳ ಇತಿಹಾಸ ಓದಲು ಕೂತವರು ಎಲ್ಲೋ ಒಂದು ಕಡೆ ಈ ಮನುಷ್ಯನನ್ನು ಎಡವಲೇಬೇಕು. ಎಡವಿದವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಇಷ್ಟು ದಿನ ಬಾಯಿಮಾತಿನಲ್ಲಿ ಕೊಡುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮೊದಲಿನಿಂದ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಎರಡು ಮಾತಿನಲ್ಲಿ ಹೇಳಿ, ಹೊರೇಸ್ ಗ್ರೀಲಿ ಯಾರು?

1841ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆ ಹುಟ್ಟುಹಾಕಿ, ಸಾಯುವವರೆಗೆ ಅದರೊಂದಿಗೇ ಬದುಕಿದ ಸಂಪಾದಕ. ಗುಲಾಮಗಿರಿಯ ವಿರುದ್ಧ ಅಮೆರಿಕದ ಉತ್ತರದ ರಾಜ್ಯಗಳ ರೈತಾಪಿ ಜನರ ಮನಸ್ಸನ್ನು ತಿದ್ದಿದವರಲ್ಲಿ ಮುಂಚೂಣಿಯವನು. 1872ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತು, ಮತದಾನವಾದ ಇಪ್ಪತ್ತನಾಲ್ಕನೇ ದಿನಕ್ಕೆ ತೀರಿಕೊಂಡ.

ಎಷ್ಟು ಓದಿದ್ದ? ಪತ್ರಿಕೆಯ ಕೆಲಸ ಎಲ್ಲಿ ಕಲಿತ?

ಶಾಲೆಯ ಲೆಕ್ಕ ಹಿಡಿದರೆ ಓದು ಬಹಳ ಕಡಿಮೆ. 1811ರ ಫೆಬ್ರುವರಿ 3ರಂದು ನ್ಯೂ ಹ್ಯಾಂಪ್‌ಷೈರ್‌ನ ಆಮ್ಹರ್ಸ್ಟ್ ಬಳಿಯ ಕಲ್ಲುಭೂಮಿಯ ಹೊಲಮನೆಯಲ್ಲಿ ಹುಟ್ಟಿದ. ಹುಡುಗನಿಗೆ ಹತ್ತು ತುಂಬುವ ಹೊತ್ತಿಗೆ ಸಾಲಗಾರರು ಹೊಲಮನೆ ಜಪ್ತಿ ಮಾಡಿದರು. ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದ ಕಾಲ ಅದು. ಅಪ್ಪ ರಾಜ್ಯದ ಗಡಿ ದಾಟಿ ವರ್ಮಾಂಟ್‌ಗೆ ಓಡಿದ, ಹೆಂಡತಿ ಮಕ್ಕಳು ಹಿಂದಿನಿಂದ ಹೋದರು.

ಹದಿನೈದನೇ ವಯಸ್ಸಿನಲ್ಲಿ, 1826ರಲ್ಲಿ, ಈಸ್ಟ್ ಪೋಲ್ಟ್ನಿ ಎಂಬ ಹಳ್ಳಿಯ ‘ನಾರ್ದರ್ನ್ ಸ್ಪೆಕ್ಟೇಟರ್’ ವಾರಪತ್ರಿಕೆಯ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ. ಮೊದಲ ಆರು ತಿಂಗಳು ಊಟ, ವಸತಿ ಮಾತ್ರ. ಆಮೇಲೆ ಬಟ್ಟೆಬರೆಗೆಂದು ವರ್ಷಕ್ಕೆ 40 ಡಾಲರ್. ಕರಾರು ಇಷ್ಟೇ.

ಅಚ್ಚುಮೊಳೆ ಜೋಡಿಸುವುದನ್ನು ಕಣ್ಣಾರೆ ಕಂಡವರು ಈಗ ವಿರಳ, ಆದ್ದರಿಂದ ಒಂದು ಮಾತು. ಎಡಗೈಯಲ್ಲಿ ಸಾಲು ಕೂರಿಸುವ ಪಟ್ಟಿ, ಅಂದರೆ ಸ್ಟಿಕ್, ಎದುರಿಗೆ ಮೊಳೆಗಳನ್ನು ತುಂಬಿದ ನೂರು ಖಾನೆಯ ಪೆಟ್ಟಿಗೆ, ಅಂದರೆ ಕೇಸು. ಬಲಗೈ ಯಾವ ಖಾನೆಯಲ್ಲಿ ಯಾವ ಅಕ್ಷರ ಎಂದು ನೋಡದೆಯೇ ಹೆಕ್ಕಬೇಕು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಹೀಗೆ ಒಂದೊಂದೇ ಮೊಳೆ ಕೂರಿಸಿ ಸಾಲು ಕಟ್ಟುವವನಿಗೆ ಬೇರೆಯವರ ವಾಕ್ಯ ಬರೀ ಕಣ್ಣಿನ ಮುಂದೆ ಹಾದುಹೋಗುವುದಿಲ್ಲ, ಬೆರಳಿನಿಂದ ಇಳಿಯುತ್ತದೆ. ಯಾವ ಮಾತು ಅನಗತ್ಯ ಎನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಗ್ರೀಲಿಯ ಗದ್ಯಕ್ಕೆ ಇರುವ ಆ ಒಣ ಚುರುಕು ಅಲ್ಲಿಂದ ಬಂದದ್ದು ಎಂದು ನಾನು ನಂಬಿದ್ದೇನೆ.

ನ್ಯೂಯಾರ್ಕಿಗೆ ಬಂದಾಗ ಏನಿತ್ತು ಅವನ ಹತ್ತಿರ?

ಕೋಲಿಗೆ ಕಟ್ಟಿದ ಬಟ್ಟೆಗಂಟು, ಜೇಬಿನಲ್ಲಿ ಸುಮಾರು 10 ಡಾಲರ್. 1831ರ ಆಗಸ್ಟ್ ತಿಂಗಳು, ವಯಸ್ಸು ಇಪ್ಪತ್ತು. ಮೊದಲು ವಿಚಾರಿಸಿದ ವಸತಿಗೃಹದಲ್ಲಿ ವಾರಕ್ಕೆ 6 ಡಾಲರ್ ಎಂದರು. ಅಲ್ಲಿಂದ ಸುಮ್ಮನೆ ಹೊರಬಂದು ಎರಡೂವರೆ ಡಾಲರಿನ ಜಾಗ ಹುಡುಕಿಕೊಂಡ. ಕೆಲಸ ಕೇಳಲು ಹೋದ ಒಂದು ಪತ್ರಿಕೆಯಲ್ಲಿ, ಅವನ ವೇಷ ನೋಡಿ, “ನೀನು ಯಜಮಾನನಿಂದ ತಪ್ಪಿಸಿಕೊಂಡು ಬಂದ ಹುಡುಗ, ಸುಮ್ಮನೆ ಊರಿಗೆ ಹೋಗು” ಎಂದು ಗದರಿಸಿ ಕಳಿಸಿದರು.

ಕೊನೆಗೆ ಸಿಕ್ಕಿದ್ದು ಉಳಿದ ಜೋಡಣೆಗಾರರೆಲ್ಲ ಬೇಡವೆಂದು ಬಿಟ್ಟ ಕೆಲಸ. ಅಂಗೈಯಗಲದ ಬೈಬಲಿನ ಹೊಸ ಒಡಂಬಡಿಕೆ. ಪುಟಕ್ಕೆ ಎರಡು ಕಾಲಂ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಳೆಯಲ್ಲಿ ಟಿಪ್ಪಣಿಗಳ ಇನ್ನೊಂದು ಕಾಲಂ. ಹೊತ್ತು ಹುಟ್ಟುವ ಮೊದಲು ಶುರುಮಾಡಿ ರಾತ್ರಿಯವರೆಗೆ ದುಡಿದರೂ ವಾರಕ್ಕೆ ಐದಾರು ಡಾಲರ್ ದಾಟುತ್ತಿರಲಿಲ್ಲ.

ಟ್ರಿಬ್ಯೂನ್‌ಗೆ ಮೊದಲು ಬೇರೆ ಪತ್ರಿಕೆ ನಡೆಸಿದ್ದನೇ?

ನಡೆಸಿದ್ದ. 1834ರಲ್ಲಿ ‘ನ್ಯೂಯಾರ್ಕರ್’ ಎಂಬ ಸಾಹಿತ್ಯದ ವಾರಪತ್ರಿಕೆ. ಈಗಿನ ಹೆಸರಾಂತ ನಿಯತಕಾಲಿಕಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಓದುವವರು ಬಹಳ, ಚಂದಾ ಕೊಡುವವರು ಕಡಿಮೆ. 1840ರ ಚುನಾವಣೆಯ ಹೊತ್ತಿಗೆ ‘ಲಾಗ್ ಕ್ಯಾಬಿನ್’ ಎಂಬ ಪ್ರಚಾರ ಪತ್ರಿಕೆ ಮಾಡಿದ. ವಿಗ್ ಪಕ್ಷದ ವಿಲಿಯಂ ಹೆನ್ರಿ ಹ್ಯಾರಿಸನ್ ಪರವಾಗಿ ಹೊರಟ ಅದು 80 ಸಾವಿರ ಪ್ರತಿ ದಾಟಿತು. ಅಷ್ಟು ಬೇಡಿಕೆ ಬರುತ್ತದೆಂದು ಅವನೇ ಎಣಿಸಿರಲಿಲ್ಲ. ಹಣ ಉಳಿಯಲಿಲ್ಲ, ಹೆಸರು ಉಳಿಯಿತು.

ಟ್ರಿಬ್ಯೂನ್‌ನ ಮೊದಲ ದಿನ ಹೇಗಿತ್ತು?

ಅಪಶಕುನ ನಂಬುವವನಾಗಿದ್ದರೆ ಅವತ್ತೇ ಬಾಗಿಲು ಹಾಕುತ್ತಿದ್ದ. 1841ರ ಏಪ್ರಿಲ್ 10. ಅಧಿಕಾರ ವಹಿಸಿಕೊಂಡು ತಿಂಗಳಿಗೇ ತೀರಿಕೊಂಡ ಅಧ್ಯಕ್ಷ ಹ್ಯಾರಿಸನ್‌ಗೆ ನ್ಯೂಯಾರ್ಕ್ ನಗರ ಶೋಕ ಮೆರವಣಿಗೆ ನಡೆಸುತ್ತಿದ್ದ ದಿನ. ಕೊರೆಯುವ ಗಾಳಿ, ಹಿಮ ಬೆರೆತ ಮಳೆ. ಸಾಲ ಮಾಡಿದ 1,000 ಡಾಲರ್ ಬಂಡವಾಳದಲ್ಲಿ 5,000 ಪ್ರತಿ ಅಚ್ಚಾಗಿತ್ತು, ಪುಕ್ಕಟೆ ಕೊಡುತ್ತೇನೆಂದರೂ ಕೈ ಚಾಚುವವರಿರಲಿಲ್ಲ. ಮೊದಲ ವಾರ ಖರ್ಚು 525 ಡಾಲರ್, ಆದಾಯ 92.

ಅದು ಒಂದು ಸೆಂಟಿನ ಪತ್ರಿಕೆಗಳ ಕಾಲ. ಬೆಂಜಮಿನ್ ಡೇ 1833ರಲ್ಲಿ ತಂದ ‘ಸನ್’, ಜೇಮ್ಸ್ ಗಾರ್ಡನ್ ಬೆನೆಟ್ 1835ರಲ್ಲಿ ತಂದ ‘ಹೆರಾಲ್ಡ್’ ಎರಡೂ ಕೊಲೆ, ಕಳ್ಳತನ, ಪೊಲೀಸ್ ಕೋರ್ಟಿನ ರಸವತ್ತಾದ ವರದಿಗಳ ಮೇಲೆ ನಿಂತಿದ್ದವು. ಗ್ರೀಲಿ ಅದೇ ಒಂದು ಸೆಂಟಿಗೆ ಮನೆಮಂದಿಯೆಲ್ಲ ಕೂತು ಓದಬಹುದಾದ ಪತ್ರಿಕೆ ಕೊಡುತ್ತೇನೆಂದ. ಅವನ ಕೈಯಲ್ಲಿ ಲೆಕ್ಕಪತ್ರ ನಿಲ್ಲುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಥಾಮಸ್ ಮೆಕೆಲ್‌ರಾತ್ ಎಂಬ ವಕೀಲ ಪಾಲುದಾರನಾಗಿ ಬಂದು ಹಣದ ಕಡೆ ನೋಡಿಕೊಂಡ. ಅಲ್ಲಿಂದ ಪತ್ರಿಕೆಗೆ ಉಸಿರು ಬಂತು.

ನ್ಯೂಯಾರ್ಕಿನ ಒಂದು ಪತ್ರಿಕೆಗೆ ಅಷ್ಟೊಂದು ಪ್ರಭಾವ ಹೇಗೆ ಬಂತು?

ದಿನಪತ್ರಿಕೆಯಿಂದ ಅಲ್ಲ, ವಾರದ ಆವೃತ್ತಿಯಿಂದ. ಆ ವಾರದ ಸುದ್ದಿ, ಸಂಪಾದಕೀಯ, ಬೆಳೆಯ ಮಾತು, ಪುಸ್ತಕ ಎಲ್ಲ ಸೇರಿಸಿದ ‘ವೀಕ್ಲಿ ಟ್ರಿಬ್ಯೂನ್’ ಅಂಚೆಯಲ್ಲಿ ಓಹಿಯೋ, ಇಲಿನಾಯ್, ಅಯೋವಾದ ಹಳ್ಳಿಗಳಿಗೆ ಹೋಗುತ್ತಿತ್ತು. 1860ರ ಹೊತ್ತಿಗೆ ಅದರ ಪ್ರಸಾರ ಸುಮಾರು 2 ಲಕ್ಷ. ಒಂದು ಪ್ರತಿಯನ್ನು ಒಬ್ಬನೇ ಓದುತ್ತಿರಲಿಲ್ಲ. ನಮ್ಮ ಹಳ್ಳಿಯ ಜಗಲಿಯ ಮೇಲೆ ಒಬ್ಬರು ಓದಿ ಹತ್ತು ಮಂದಿ ಕೇಳುತ್ತಿದ್ದ ದಿನಗಳನ್ನು ನೆನೆದರೆ ಸಾಕು, ಅರ್ಥವಾಗುತ್ತದೆ. ಗುಲಾಮಗಿರಿ ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಹರಡಬಾರದು, ಉಳುವವನಿಗೆ ಸರ್ಕಾರಿ ಭೂಮಿ ಸಿಗಬೇಕು ಎಂಬ ಎರಡು ಮಾತನ್ನು ವಾರ ಬಿಡದೆ ಆ ಮನೆಗಳಿಗೆ ತಲುಪಿಸಿದ. 1854ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿದಾಗ ಅದಕ್ಕೆ ಬೇಕಾದ ನೆಲ ಹದವಾಗಿತ್ತು.

ಅವನ ಬಳಗದಲ್ಲಿ ಯಾರು ಯಾರಿದ್ದರು?

ಒಳ್ಳೆಯ ಕೈಗಳನ್ನು ಹುಡುಕುವುದರಲ್ಲಿ ಅವನ ಮೂಗು ಸೂಕ್ಷ್ಮ. ಮೊದಲ ಸಹಾಯಕ ಹೆನ್ರಿ ರೇಮಂಡ್. ಅಲ್ಲಿಂದ ಹೊರಹೋಗಿ 1851ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸ್ಥಾಪಿಸಿದವನು ಅವನೇ. 1847ರಲ್ಲಿ ಸೇರಿದ ಚಾರ್ಲ್ಸ್ ಡೇನಾ ವರ್ಷಗಟ್ಟಲೆ ಕಚೇರಿಯನ್ನು ಮುನ್ನಡೆಸಿದ. ಮಾರ್ಗರೆಟ್ ಫುಲ್ಲರ್ 1844ರಲ್ಲಿ ಪುಸ್ತಕ ವಿಮರ್ಶೆಗೆಂದೇ ಬಂದಳು. ಆ ಕಾಲದಲ್ಲಿ ಒಂದು ದೊಡ್ಡ ದಿನಪತ್ರಿಕೆಯ ವಿಮರ್ಶಾ ವಿಭಾಗವನ್ನು ಹೆಣ್ಣುಮಗಳ ಕೈಗೆ ಕೊಡುವುದು ಯಾರಿಗೂ ಹೊಳೆಯದ ಮಾತು. ಆಕೆ ಗ್ರೀಲಿ ದಂಪತಿಯ ಮನೆಯಲ್ಲೇ ಇದ್ದಳು, ಆಮೇಲೆ ಯುರೋಪಿನಿಂದ ವರದಿ ಕಳಿಸಿದಳು. 1850ರಲ್ಲಿ ಗಂಡ, ಮಗುವಿನೊಂದಿಗೆ ಮರಳುವಾಗ ನ್ಯೂಯಾರ್ಕ್ ಇನ್ನೇನು ಬಂತು ಎನ್ನುವಷ್ಟರಲ್ಲಿ ಹಡಗು ಒಡೆದು ಮೂವರೂ ತೀರಿಹೋದರು.

ಲೇಖಕರಿಗೆ ಸಹಾಯ ಮಾಡುವುದು ಅವನ ಇನ್ನೊಂದು ಗೀಳು. ಹೆನ್ರಿ ಡೇವಿಡ್ ಥೋರೋ ಬರೆದದ್ದನ್ನು ಪತ್ರಿಕೆಗಳಿಗೆ ಕೊಟ್ಟು, ಅವರ ಬೆನ್ನು ಬಿದ್ದು ಹಣ ವಸೂಲಿ ಮಾಡಿ ಕಳಿಸುತ್ತಿದ್ದ. ಎಡ್ಗರ್ ಆಲನ್ ಪೋಗೆ 50 ಡಾಲರ್ ಸಾಲಕ್ಕೆ ಜಾಮೀನು ನಿಂತು ಕಳೆದುಕೊಂಡ. ಪೋ ಸತ್ತ ಮೇಲೆ ಯಾವನೋ ಹುಡುಗ ‘ಆ ಕವಿಯ ಹಸ್ತಾಕ್ಷರ ನಿಮ್ಮ ಬಳಿ ಇದ್ದರೆ ಕಳಿಸಿ’ ಎಂದು ಬರೆದ. ಇದೆ, ಸಾಲಪತ್ರದ ಮೇಲಿದೆ, ನನ್ನ ಸಹಿಯೂ ಅದರಲ್ಲಿದೆ, ನನಗೆ 50 ಡಾಲರ್ 75 ಸೆಂಟ್ ಬಿದ್ದಿದೆ, ನಿನಗಾದರೆ ಅರ್ಧ ಬೆಲೆಗೆ ಕೊಡುತ್ತೇನೆ ಎಂದು ಗ್ರೀಲಿ ಉತ್ತರಿಸಿದ.

ಕಾರ್ಲ್ ಮಾರ್ಕ್ಸ್ ಟ್ರಿಬ್ಯೂನ್‌ಗೆ ಬರೆಯುತ್ತಿದ್ದದ್ದು ನಿಜವೇ?

ನಿಜ, ಅದೂ ಹತ್ತು ವರ್ಷ. 1848ರಲ್ಲಿ ಕಲೋನ್ ನಗರದಲ್ಲಿ ಮಾರ್ಕ್ಸ್‌ನನ್ನು ಕಂಡಿದ್ದ ಡೇನಾ 1851ರಲ್ಲಿ ಬರೆಯಲು ಕರೆದ. ಲಂಡನ್ನಿನಲ್ಲಿ ಬಡತನದಲ್ಲಿದ್ದ ಮಾರ್ಕ್ಸ್‌ಗೆ ಲೇಖನಕ್ಕೆ ಒಂದು ಪೌಂಡ್, ಮುಂದೆ ಎರಡು ಪೌಂಡ್ ಸಿಗುತ್ತಿತ್ತು. ಎಲ್ಲ ಸೇರಿ ಐನೂರರ ಹತ್ತಿರ ಲೇಖನಗಳು. ಅವುಗಳಲ್ಲಿ ನೂರಕ್ಕೂ ಹೆಚ್ಚನ್ನು ಮಾರ್ಕ್ಸ್ ಹೆಸರಿನಲ್ಲಿ ಬರೆದುಕೊಟ್ಟವನು ಗೆಳೆಯ ಎಂಗೆಲ್ಸ್. ಪತ್ರಿಕೆ ಕೆಲವನ್ನು ಸಹಿ ಕಿತ್ತು ತನ್ನ ಸಂಪಾದಕೀಯದಂತೆ ಹಾಕುತ್ತಿತ್ತು. ಮಾರ್ಕ್ಸ್ ಅದಕ್ಕೆ ಕಿಡಿಕಾರುತ್ತಿದ್ದ. ಈ ಲೇಖಕನಿಗೆ ತನ್ನದೇ ಗಟ್ಟಿ ಅಭಿಪ್ರಾಯಗಳಿವೆ, ಅವುಗಳಲ್ಲಿ ಕೆಲವನ್ನು ನಾವು ಒಪ್ಪುವುದಿಲ್ಲ ಎಂದು ಪತ್ರಿಕೆ ಒಮ್ಮೆ ಹೇಳಿಕೊಂಡದ್ದೂ ಉಂಟು. ಒಪ್ಪದೆಯೂ ಹತ್ತು ವರ್ಷ ಅಚ್ಚು ಹಾಕಿತು.

ಭಾರತದ ಬಗ್ಗೆ ಆ ಲೇಖನಗಳಲ್ಲಿ ಏನಿದೆ?

ಕನ್ನಡದ ಓದುಗನಿಗೆ ಅಚ್ಚರಿಯೊಂದಿದೆ. 1853ರ ಜೂನ್ 25ರ ಟ್ರಿಬ್ಯೂನ್‌ನಲ್ಲಿ ಭಾರತದ ಬ್ರಿಟಿಷ್ ಆಳ್ವಿಕೆ ಕುರಿತ ಲೇಖನ ಬಂತು. ಅದರಲ್ಲಿ ಮಾರ್ಕ್ಸ್ ಬ್ರಿಟಿಷ್ ಪಾರ್ಲಿಮೆಂಟಿನ ಹಳೆಯ ವರದಿಯೊಂದರಿಂದ ಹಳ್ಳಿಯ ವ್ಯವಸ್ಥೆಯ ವರ್ಣನೆಯನ್ನು ಎತ್ತಿ ಕೊಡುತ್ತಾನೆ. ಅಲ್ಲಿರುವ ಹೆಸರುಗಳನ್ನು ನೋಡಿ: ಪಟೇಲ, ಕರಣಂ, ತಳಾರಿ, ತೋಟಿ! ಪಟೇಲ ಜಗಳ ಬಗೆಹರಿಸಿ ಕಂದಾಯ ವಸೂಲಿ ಮಾಡುತ್ತಾನೆ, ಕರಣಂ ಸಾಗುವಳಿಯ ಲೆಕ್ಕ ಇಡುತ್ತಾನೆ. ತಳಾರಿಯ ಕೆಲಸ ಅಪರಾಧಗಳ ಸುಳಿವು ಹಿಡಿಯುವುದು, ಊರಿಂದೂರಿಗೆ ಹೋಗುವವರಿಗೆ ಕಾವಲು ನಡೆಯುವುದು. ತೋಟಿ ಬೆಳೆ ಕಾಯುತ್ತಾನೆ, ಅಳೆಯಲು ನೆರವಾಗುತ್ತಾನೆ. ಕೆರೆ ಕಾಲುವೆಗಳ ನೀರು ಹಂಚುವವನೂ ಇದ್ದಾನೆ, ಪಂಚಾಂಗ ಹೇಳುವ ಬ್ರಾಹ್ಮಣನೂ ಇದ್ದಾನೆ. ಕರಣಂ ಎಂದಲ್ಲಿ ಶಾನುಭೋಗ, ತಳಾರಿ ಎಂದಲ್ಲಿ ತಳವಾರ, ನೀರು ಹಂಚುವವನಿಗೆ ನೀರುಗಂಟಿ ಎಂದು ಹಾಕಿಕೊಂಡರೆ ಅದು ನಮ್ಮದೇ ಸೀಮೆಯ ಊರು. ಬ್ರಾಡ್‌ವೇ ಬೀದಿಯಲ್ಲಿ ಟ್ರಿಬ್ಯೂನ್ ಬಿಡಿಸಿದ ವ್ಯಾಪಾರಿ ತೋಟಿಯ ಕೆಲಸವೇನೆಂದು ಓದುತ್ತಿರುವ ಚಿತ್ರ ಬಹಳ ದಿನ ನನ್ನ ತಲೆಯಿಂದ ಹೋಗಿರಲಿಲ್ಲ.

ಮಾರ್ಕ್ಸ್‌ನ ತೀರ್ಪು ಮಾತ್ರ ಕಹಿ. ಇಂಥ ಹಳ್ಳಿಗಳು ನೋಡಲು ನಿರುಪದ್ರವಿ, ಆದರೆ ದಬ್ಬಾಳಿಕೆಗೆ ತಳಪಾಯವಾದವು ಇವೇ, ಇಲ್ಲಿ ಮನುಷ್ಯ ಹನುಮನೆಂಬ ಕೋತಿಗೂ ಸಬ್ಬಲ ಎಂಬ ಹಸುವಿಗೂ ಮೊಣಕಾಲೂರುತ್ತಾನೆ ಎನ್ನುತ್ತಾನೆ. ಸಬ್ಬಲ ಎಂದರೆ ವಸಿಷ್ಠರ ಶಬಲೆಯೇ ಇರಬೇಕು. ಅದೇ ವರ್ಷ ಆಗಸ್ಟ್ 8ರಂದು ಇನ್ನೊಂದು ಲೇಖನ. ಭಾರತೀಯರು ಬ್ರಿಟಿಷ್ ನೊಗವನ್ನು ಕಿತ್ತೊಗೆಯುವಷ್ಟು ಬಲಗೊಳ್ಳುವ ದಿನದ ಮಾತೂ ಅದರಲ್ಲಿದೆ. 1857ರ ದಂಗೆಯ ಬಗ್ಗೆ ಮಾರ್ಕ್ಸ್ ಮತ್ತು ಎಂಗೆಲ್ಸ್ ಬರೆದವೂ ಟ್ರಿಬ್ಯೂನ್‌ನಲ್ಲೇ ಬಂದವು.

ಹಾಗಾದರೆ ಗ್ರೀಲಿ ಸಮಾಜವಾದಿಯೇ?

ಮಾರ್ಕ್ಸ್‌ನ ಅರ್ಥದಲ್ಲಿ ಅಲ್ಲ. ವರ್ಗಸಂಘರ್ಷ ಎಂದರೆ ಅವನಿಗೆ ಆಗದು. ಆದರೆ 1840ರ ದಶಕದಲ್ಲಿ ಫ್ರಾನ್ಸಿನ ಫೂರಿಯೇ ಹೇಳಿದ ಸಹಕಾರಿ ವಸಾಹತುಗಳ ವಿಚಾರ ಅವನ ತಲೆ ಹೊಕ್ಕಿತು. ಆಲ್ಬರ್ಟ್ ಬ್ರಿಸ್ಬೇನ್ ಎಂಬವನಿಗೆ ಮೊದಲ ಪುಟದಲ್ಲೇ ಅಂಕಣ ಕೊಟ್ಟ. ಮಾತಿಗಿಂತ ನಡತೆ ನೋಡಿ: 1849ರಲ್ಲಿ ಪತ್ರಿಕೆಯನ್ನು ತಲಾ ಸಾವಿರ ಡಾಲರಿನ ನೂರು ಷೇರು ಮಾಡಿ ಕಚೇರಿಯವರೂ ಪಾಲುದಾರರಾಗುವಂತೆ ಮಾಡಿದ. ತನ್ನ ಪಾಲನ್ನು ಕಾಲಕಾಲಕ್ಕೆ ಮಾರುತ್ತ ಕೊನೆಗೆ ತಾನು ಕಟ್ಟಿದ ಪತ್ರಿಕೆಯಲ್ಲಿ ಬೆರಳೆಣಿಕೆಯ ಷೇರಿಗೆ ಒಡೆಯನಾಗಿ ಉಳಿದ. 1850ರಲ್ಲಿ ನ್ಯೂಯಾರ್ಕಿನ ಮುದ್ರಣ ಕಾರ್ಮಿಕರು ಸಂಘ ಕಟ್ಟಿದಾಗ ಮೊದಲ ಅಧ್ಯಕ್ಷನಾಗಿ ಆರಿಸಿದ್ದು ಇದೇ ಮಾಲೀಕನನ್ನು.

ನೋಡಲು ಹೇಗಿದ್ದ?

ವ್ಯಂಗ್ಯಚಿತ್ರಕಾರರಿಗೆ ದೇವರು ಕೊಟ್ಟ ವರ. ಉಬ್ಬಿದ ಮಗುವಿನಂಥ ಮುಖ, ಕನ್ನಡಕ, ಗಲ್ಲದ ಕೆಳಗೆ ಮಾತ್ರ ಸುತ್ತುವರಿದ ಬಿಳಿ ಗಡ್ಡ, ಹಳೆಯ ಬಿಳಿ ಓವರ್‌ಕೋಟು, ಬಿಳಿ ಹ್ಯಾಟು. ಷರಾಯಿಯ ಒಂದು ಕಾಲು ಬೂಟಿನೊಳಗೆ, ಇನ್ನೊಂದು ಹೊರಗೆ. ಜೇಬುಗಳಲ್ಲಿ ತುರುಕಿದ ಪತ್ರಿಕೆಗಳು. ದನಿ ಕೀರಲು. ಹೆಂಡ ಮುಟ್ಟುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ. ತವುಡು ತೆಗೆಯದ ಹಿಟ್ಟಿನ ರೊಟ್ಟಿಯ ಪಥ್ಯ ಹೇಳುತ್ತಿದ್ದ ಸಿಲ್ವೆಸ್ಟರ್ ಗ್ರಹಾಮ್‌ನ ಅನುಯಾಯಿಗಳ ವಸತಿಗೃಹದಲ್ಲಿದ್ದಾಗಲೇ ಹೆಂಡತಿ ಮೇರಿ ಚೀನಿಯ ಪರಿಚಯವಾದದ್ದು.

ಕೈಬರಹದ ಬಗ್ಗೆ ಕಥೆಗಳೇ ಇವೆ. ಕೆಲಸದಿಂದ ತೆಗೆದುಹಾಕಿ ಬರೆದ ಪತ್ರವನ್ನು ಯಾರಿಗೂ ಓದಲಾಗದೆ, ಅದನ್ನೇ ಶಿಫಾರಸು ಪತ್ರವೆಂದು ತೋರಿಸಿ ಒಬ್ಬ ಬೇರೆ ಕಡೆ ಕೆಲಸ ಗಿಟ್ಟಿಸಿದನಂತೆ. ಕಥೆ ಸುಳ್ಳಾದರೂ, ಅವನ ಕೈಬರಹ ಓದಬಲ್ಲ ಜೋಡಣೆಗಾರರು ಟ್ರಿಬ್ಯೂನ್‌ನಲ್ಲಿ ಕೆಲವರೇ ಇದ್ದರು ಎನ್ನುವುದು ಸುಳ್ಳಲ್ಲ.

‘ಪಶ್ಚಿಮಕ್ಕೆ ಹೋಗು, ತರುಣ’ ಎಂದವನು ಇವನೇ ಅಲ್ಲವೇ?

ಜನ ಹಾಗೆ ಹೇಳುತ್ತಾರೆ. ಅದೇ ಪದಗಳಲ್ಲಿ ಆ ವಾಕ್ಯ, ಹೇಳುವ ತಾರೀಖಿನ ಟ್ರಿಬ್ಯೂನ್‌ನಲ್ಲಿ ಇಲ್ಲ. ಆದರೆ ಆ ಆಶಯವನ್ನು ನೂರು ಸಲ ಬರೆದಿದ್ದಾನೆ: ಪಟ್ಟಣದಲ್ಲಿ ಕೆಲಸವಿಲ್ಲದೆ ಕೊಳೆಯಬೇಡಿ, ಪಶ್ಚಿಮದಲ್ಲಿ ಭೂಮಿಯಿದೆ. ತಾನೂ 1859ರಲ್ಲಿ ರೈಲು ಮುಗಿದಲ್ಲಿಂದ ಕುದುರೆಗಾಡಿ ಹಿಡಿದು ಕ್ಯಾಲಿಫೋರ್ನಿಯಾದವರೆಗೆ ಹೋದ. ದಾರಿಯಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಪಂಥದ ನಾಯಕ ಬ್ರಿಗಮ್ ಯಂಗ್‌ನನ್ನು ಕಂಡು ಎರಡು ಗಂಟೆ ಮಾತಾಡಿ, ಅದನ್ನು ಪ್ರಶ್ನೆ–ಉತ್ತರದ ರೂಪದಲ್ಲೇ ಪತ್ರಿಕೆಗೆ ಕಳಿಸಿದ. ಇವತ್ತು ಸಂದರ್ಶನ ಎಂದು ನಾವು ಕರೆಯುವ ಬರಹಪ್ರಕಾರದ ಮೊದಲ ಮಾದರಿಗಳಲ್ಲಿ ಅದೊಂದು. ಕೊಲರಾಡೋದಲ್ಲಿ 1870ರಲ್ಲಿ ಎದ್ದ ಗ್ರೀಲಿ ಎಂಬ ಊರನ್ನು ಕಟ್ಟಿದವನು ಅವನಲ್ಲ, ಟ್ರಿಬ್ಯೂನ್‌ನ ಕೃಷಿ ಸಂಪಾದಕ ನೇಥನ್ ಮೀಕರ್.

ಸಂಸತ್ತಿನಲ್ಲಿ ಇದ್ದನೇ?

ಮೂರೇ ತಿಂಗಳು. 1848ರ ಡಿಸೆಂಬರಿನಿಂದ 1849ರ ಮಾರ್ಚ್‌ವರೆಗೆ, ತೆರವಾದ ಒಂದು ಸ್ಥಾನಕ್ಕೆ. ಅಷ್ಟರಲ್ಲೇ ಸಹೋದ್ಯೋಗಿಗಳೆಲ್ಲ ಶಾಪ ಹಾಕುವಂತೆ ಮಾಡಿಕೊಂಡ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗೆ ಊರಿನಿಂದ ವಾಷಿಂಗ್ಟನ್‌ಗೆ ಬಂದುಹೋಗಲು ಮೈಲಿಗೆ 40 ಸೆಂಟ್ ಭತ್ಯೆ. ನೇರ ದಾರಿ ಬಿಟ್ಟು ಸುತ್ತುದಾರಿಯ ಮೈಲಿ ತೋರಿಸಿ ಬಿಲ್ ಮಾಡುವುದು ರೂಢಿಯಾಗಿತ್ತು. ಗ್ರೀಲಿ ಅಂಚೆ ಇಲಾಖೆಯ ದೂರದ ಪಟ್ಟಿ ತರಿಸಿ, ಒಬ್ಬೊಬ್ಬ ಸದಸ್ಯನ ಹೆಸರಿನ ಮುಂದೆ ನಿಜವಾದ ಮೈಲಿ ಎಷ್ಟು, ತೋರಿಸಿದ್ದೆಷ್ಟು, ಹೆಚ್ಚು ಪಡೆದ ಹಣವೆಷ್ಟು ಎಂದು ಕಾಲಂ ಹಾಕಿ ಟ್ರಿಬ್ಯೂನ್‌ನಲ್ಲಿ ಅಚ್ಚು ಹಾಕಿಸಿದ. ಸದನ ಕೆಂಡವಾಯಿತು. ಆ ಪಟ್ಟಿಯಲ್ಲಿ ಇಲಿನಾಯ್‌ನ ಒಬ್ಬ ಉದ್ದನೆಯ ವಕೀಲನ ಹೆಸರೂ ಇತ್ತು: ಅಬ್ರಹಾಂ ಲಿಂಕನ್. ಪ್ರವಾಸ ಭತ್ಯೆಯ ಬಿಲ್ ಬರೆದು ಗೊತ್ತಿರುವ ಯಾರಿಗೂ ಈ ಪ್ರಸಂಗ ಹಳೆಯದೆನಿಸುವುದಿಲ್ಲ.

ಲಿಂಕನ್‌ಗೂ ಗ್ರೀಲಿಗೂ ಹೇಗಿತ್ತು?

ಎಣ್ಣೆ ಸೀಗೇಕಾಯಿ ಎನ್ನಲಾಗದು, ಹಾಲು ಜೇನು ಎನ್ನಲೂ ಆಗದು. 1860ರಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಷಿಕಾಗೋದಲ್ಲಿ ಸೇರಿದ ರಿಪಬ್ಲಿಕನ್ ಸಮಾವೇಶದಲ್ಲಿ ನ್ಯೂಯಾರ್ಕಿನ ರಾಜಕಾರಣಿ ವಿಲಿಯಂ ಸೂವರ್ಡ್ ಅಭ್ಯರ್ಥಿಯಾಗದಂತೆ ತಡೆಯಲು ಗ್ರೀಲಿ ರಾತ್ರಿಯಿಡೀ ಓಡಾಡಿದ. ಅದರಿಂದ ಲಾಭವಾದದ್ದು ಲಿಂಕನ್‌ಗೆ. ಅಲ್ಲಿಂದ ಮುಂದೆ ಅಧ್ಯಕ್ಷನಿಗೆ ಬುದ್ಧಿ ಹೇಳುವುದು ತನ್ನ ಹಕ್ಕೆಂದು ತಿಳಿದ.

ಹೇಳಿದ ಬುದ್ಧಿಯಾದರೂ ಒಂದೇ ಆಗಿತ್ತೇ? ಗುಲಾಮಗಿರಿಯ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡುತ್ತೇವೆಂದಾಗ, ನಿಜವಾಗಿಯೂ ಜನರ ಇಷ್ಟ ಅದೇ ಆದರೆ ಶಾಂತಿಯಿಂದ ಹೋಗಲಿ, ಬಯೋನೆಟ್‌ನಿಂದ ಚುಚ್ಚಿ ಹಿಡಿದಿಟ್ಟ ಗಣರಾಜ್ಯ ಬೇಡ ಎಂದು 1860ರ ನವೆಂಬರಿನಲ್ಲಿ ಬರೆದ. ಆರೇಳು ತಿಂಗಳಲ್ಲಿ ಅದೇ ಟ್ರಿಬ್ಯೂನ್, ದಕ್ಷಿಣದವರ ರಾಜಧಾನಿ ‘ರಿಚ್ಮಂಡ್‌ಗೆ ನಡೆಯಿರಿ’ ಎಂದು ದಿನವೂ ಕೂಗತೊಡಗಿತು. ಆ ಘೋಷಣೆ ಬರೆದವನು ಸಹೋದ್ಯೋಗಿ ಫಿಟ್ಜ್–ಹೆನ್ರಿ ವಾರನ್, ಆದರೆ ಪತ್ರಿಕೆ ಗ್ರೀಲಿಯದು. 1861ರ ಜುಲೈ 21ರಂದು ಬುಲ್ ರನ್‌ನಲ್ಲಿ ಉತ್ತರದ ಸೇನೆ ಚೆಲ್ಲಾಪಿಲ್ಲಿಯಾಯಿತು. ಜುಲೈ 29ರ ನಡುರಾತ್ರಿ ಗ್ರೀಲಿ, ‘ನಿದ್ದೆಯಿಲ್ಲದ ಏಳನೇ ರಾತ್ರಿ ಇದು’ ಎಂದು ಶುರುಮಾಡಿ, ಬೇಕಾದರೆ ಶತ್ರುವಿನ ಷರತ್ತಿನ ಮೇಲೇ ಸಂಧಿ ಮಾಡಿಕೊಳ್ಳಿ ಎನ್ನುವ ಧಾಟಿಯ ಪತ್ರ ಬರೆದ. ಲಿಂಕನ್ ಅದನ್ನು ಮಡಿಸಿ ಎತ್ತಿಟ್ಟ.

1862ರ ಆಗಸ್ಟ್ 20ರಂದು ಬಂತು ‘ಎರಡು ಕೋಟಿ ಜನರ ಪ್ರಾರ್ಥನೆ’ ಎಂಬ ಬಹಿರಂಗ ಪತ್ರ. ದಂಗೆಕೋರರ ಗುಲಾಮರಿಗೆ ಬಿಡುಗಡೆ ಕೊಡುವ ಕಾನೂನು ಆಗಿದೆ, ಯಾಕೆ ಜಾರಿ ಮಾಡುತ್ತಿಲ್ಲ ಎಂದು ಅಧ್ಯಕ್ಷನನ್ನು ನೇರವಾಗಿ ಕೇಳಿದ. ಲಿಂಕನ್ ಎರಡೇ ದಿನದಲ್ಲಿ ಬರೆದ ಉತ್ತರ ಇಂದಿಗೂ ಶಾಲಾಪುಸ್ತಕಗಳಲ್ಲಿದೆ: ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಲು ಸಾಧ್ಯವಾದರೆ ಹಾಗೆ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿ ಉಳಿಸಬಹುದಾದರೆ ಹಾಗೂ ಮಾಡುತ್ತೇನೆ. ಚಂದವೆಂದರೆ, ಅದನ್ನು ಬರೆಯುವಾಗ ಬಿಡುಗಡೆಯ ಘೋಷಣೆಯ ಕರಡು ಆಗಲೇ ಸಿದ್ಧವಾಗಿತ್ತು, ಜುಲೈ 22ರಂದೇ ಸಚಿವರಿಗೆ ಓದಿ ಹೇಳಿದ್ದ. ಘೋಷಣೆ ಹೊರಬಿದ್ದದ್ದು ಸೆಪ್ಟೆಂಬರ್ 22ಕ್ಕೆ. ಗ್ರೀಲಿ ಬಾಗಿಲು ಒದೆಯುತ್ತಿದ್ದ, ಒಳಗಿನವನು ಆಗಲೇ ಚಿಲಕ ತೆಗೆದಾಗಿತ್ತು.

1863ರ ಗಲಭೆಯಲ್ಲಿ ಟ್ರಿಬ್ಯೂನ್ ಮೇಲೆ ದಾಳಿಯಾಯಿತೇ?

ಆಯಿತು. ಸೇನೆಗೆ ಕಡ್ಡಾಯ ಭರ್ತಿಯ ವಿರುದ್ಧ ಎದ್ದ ಗುಂಪು ಜುಲೈ 13ರ ಸಂಜೆ ಕಚೇರಿಯ ನೆಲಮಹಡಿಗೆ ನುಗ್ಗಿ ಬೆಂಕಿ ಇಟ್ಟಿತು. ಗ್ರೀಲಿಯನ್ನು ಮರಕ್ಕೆ ನೇತುಹಾಕುತ್ತೇವೆಂದು ಹಾಡು ಕಟ್ಟಿ ಹಾಡುತ್ತಿದ್ದರು. ಪೊಲೀಸರು ಓಡಿಸಿದರು. ಆ ಗಲಭೆಯಲ್ಲಿ ನಿಜವಾಗಿ ಗುಂಪಿನ ಸಿಟ್ಟಿಗೆ ಬೀದಿಯಲ್ಲಿ ಬಲಿಯಾದವರು ನಗರದ ಕಪ್ಪುಜನ. ಅವರ ಅನಾಥಾಲಯಕ್ಕೂ ಬೆಂಕಿ ಬಿತ್ತು.

ಹೆಂಗಸರ ಮತದ ಹಕ್ಕಿಗೆ ಬೆಂಬಲ ಕೊಟ್ಟನೇ?

ಮಾತಿನಲ್ಲಿ ಕೊಟ್ಟ, ಕೈಗೆ ಬಂದಾಗ ಕೊಡಲಿಲ್ಲ. 1867ರಲ್ಲಿ ನ್ಯೂಯಾರ್ಕ್ ರಾಜ್ಯದ ಸಂವಿಧಾನ ಸಭೆಯ ಮತಾಧಿಕಾರ ಸಮಿತಿಗೆ ಅವನೇ ಅಧ್ಯಕ್ಷ. ಮತಪತ್ರ ಮತ್ತು ಬಂದೂಕಿನ ಗುಂಡು ಜೊತೆಯಲ್ಲೇ ಹೋಗುವಂಥವು, ಮತ ಕೇಳುವ ನೀವು ಯುದ್ಧಕ್ಕೆ ಹೋಗಲು ಸಿದ್ಧವೇ ಎಂದು ಕೇಳಿದ. ಮತದ ಹಕ್ಕಿನ ಹೋರಾಟಗಾರ್ತಿ ಸೂಸನ್ ಆಂಟನಿ ತಡಮಾಡಲಿಲ್ಲ: “ಸಿದ್ಧ, ಮಿಸ್ಟರ್ ಗ್ರೀಲಿ. ಮೊನ್ನೆಯ ಯುದ್ಧದಲ್ಲಿ ನೀವು ಹೋರಾಡಿದ ಹಾಗೆಯೇ, ಬಾತುಗರಿಯ ಲೇಖನಿಯ ತುದಿಯಿಂದ.”

ಸಮಿತಿ ವಿರುದ್ಧವಾಗಿ ವರದಿ ಕೊಡಲು ಹೊರಟ ದಿನ, ಮತ ಬೇಕೆಂದು ಹೆಂಗಸರು ಸಹಿ ಮಾಡಿದ ಅರ್ಜಿಗಳನ್ನು ಸಭೆಯಲ್ಲಿ ಓದಿದರು. ಒಂದರ ಮೊದಲ ಸಹಿ ಶ್ರೀಮತಿ ಹೊರೇಸ್ ಗ್ರೀಲಿಯದು. ಸಭೆಯಲ್ಲಿ ನಗೆ ಎದ್ದಿತು. ಗಂಡನ ಹೆಸರಿನಿಂದ ಸಹಿ ಹಾಕಿಸಿದ ಉಪಾಯ ಆಂಟನಿಯ ಜೊತೆಗಾತಿ ಎಲಿಜಬೆತ್ ಕೇಡಿ ಸ್ಟಾಂಟನ್‌ಳದು. ಸೇಡಿಗೆ ಗ್ರೀಲಿ, ಇನ್ನು ಮುಂದೆ ಟ್ರಿಬ್ಯೂನ್‌ನಲ್ಲಿ ನಿಮ್ಮ ಹೆಸರು ಬರೀ ‘ಶ್ರೀಮತಿ ಹೆನ್ರಿ ಸ್ಟಾಂಟನ್’ ಎಂದಷ್ಟೇ ಬರುತ್ತದೆ ಎಂದ. ಸಂಪಾದಕರ ಸಣ್ಣತನಕ್ಕೂ ಒಂದು ಇತಿಹಾಸ ಇದೆ.

ಜೆಫರ್‌ಸನ್ ಡೇವಿಸ್‌ಗೆ ಜಾಮೀನು ಕೊಟ್ಟಿದ್ದೇಕೆ?

ಅವನ ಬದುಕಿನಲ್ಲಿ ನನಗೆ ಹೆಚ್ಚು ಇಷ್ಟವಾಗುವ ಘಟನೆ ಇದು. ಸೋತ ದಕ್ಷಿಣದ ಅಧ್ಯಕ್ಷ ಡೇವಿಸ್ ಎರಡು ವರ್ಷ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ. ಒಂದೋ ವಿಚಾರಣೆ ಮಾಡಿ, ಇಲ್ಲವೇ ಬಿಡಿ ಎನ್ನುವುದು ಗ್ರೀಲಿಯ ವಾದ. 1867ರ ಮೇ 13ರಂದು ರಿಚ್ಮಂಡ್‌ಗೆ ಹೋಗಿ ಒಂದು ಲಕ್ಷ ಡಾಲರಿನ ಜಾಮೀನುಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದ. ಉತ್ತರದವರು ಸಿಟ್ಟಿನಿಂದ ವೀಕ್ಲಿ ಟ್ರಿಬ್ಯೂನ್ ಚಂದಾ ನಿಲ್ಲಿಸಿದರು. ಅವನು ಬರೆದ ಅಂತರ್ಯುದ್ಧದ ಇತಿಹಾಸದ ಎರಡನೇ ಸಂಪುಟದ ಮಾರಾಟ ಕುಸಿಯಿತು. ಯೂನಿಯನ್ ಲೀಗ್ ಕ್ಲಬ್ ಅವನನ್ನು ಕರೆದು ವಿಚಾರಿಸಲು ಹೊರಟಾಗ, ನೀವು ಸಣ್ಣ ಮನಸ್ಸಿನ ಮರದ ತಲೆಗಳು, ದೊಡ್ಡ ಕೆಲಸಕ್ಕೆ ಒದಗಬೇಕೆಂಬ ಆಸೆ ಇದೆ, ಹೇಗೆಂದು ಗೊತ್ತಿಲ್ಲ ಎಂದು ಬರೆದು ಕಳಿಸಿದ. ಕ್ಲಬ್ ಅವನನ್ನು ಹೊರಹಾಕಲಿಲ್ಲ.

ಅಷ್ಟು ದೊಡ್ಡ ಸಂಪಾದಕನಿಗೆ ಅಧಿಕಾರದ ಹುಚ್ಚು ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ, ಕಷ್ಟದ ಪ್ರಶ್ನೆ. ನ್ಯೂಯಾರ್ಕಿನ ರಾಜಕೀಯದಲ್ಲಿ ಥರ್ಲೋ ವೀಡ್, ಸೂವರ್ಡ್, ಗ್ರೀಲಿ ಮೂವರದು ಒಂದು ಕೂಟ. ವೀಡ್ ಗಾಳ ಹಾಕುವವನು, ಸೂವರ್ಡ್ ಪದವಿ ಹಿಡಿಯುವವನು, ಗ್ರೀಲಿ ಬರೆಯುವವನು. ಪದವಿ ಹಂಚುವ ಹೊತ್ತಿಗೆ ಬರೆಯುವವನ ನೆನಪು ಅವರಿಗೆ ಬರುತ್ತಿರಲಿಲ್ಲ. 1854ರಲ್ಲಿ ರಾಜ್ಯಪಾಲನಾಗುವ ಆಸೆ ಹೇಳಿಕೊಂಡ, ಆಗಲಿಲ್ಲ. ಉಪರಾಜ್ಯಪಾಲನ ಸ್ಥಾನ ಸಿಕ್ಕಿದ್ದು ಯಾರಿಗೆ? ಅವನದೇ ಹಳೆಯ ಸಹಾಯಕ, ಈಗ ಎದುರಾಳಿ ಪತ್ರಿಕೆಯ ಸಂಪಾದಕ ರೇಮಂಡ್‌ಗೆ. ಗಾಯದ ಮೇಲೆ ಬರೆ. ಆ ನವೆಂಬರ್ 11ರಂದು ಸೂವರ್ಡ್‌ಗೆ ಉದ್ದದ ಪತ್ರ ಬರೆದು, ‘ಸೂವರ್ಡ್, ವೀಡ್ ಮತ್ತು ಗ್ರೀಲಿ’ ಎಂಬ ರಾಜಕೀಯ ಕಂಪನಿಯಿಂದ ಕಿರಿಯ ಪಾಲುದಾರ ಹೊರಬಂದಿದ್ದಾನೆ ಎಂದು ತಿಳಿಸಿದ. ಲಕ್ಷಾಂತರ ಮನೆಗಳಲ್ಲಿ ಅವನ ಮಾತು ನಡೆಯುತ್ತಿತ್ತು. ಅದು ಅವನಿಗೆ ಸಾಲಲಿಲ್ಲ, ಒಂದು ಕುರ್ಚಿ ಬೇಕಿತ್ತು.

1872ರಲ್ಲಿ ಆಗಿದ್ದೇನು?

ಯುಲಿಸಿಸ್ ಗ್ರಾಂಟ್ ಸರ್ಕಾರದ ಭ್ರಷ್ಟಾಚಾರದಿಂದ ಬೇಸತ್ತ ರಿಪಬ್ಲಿಕನ್ನರು ಒಡೆದು ಸಿನ್ಸಿನಾಟಿಯಲ್ಲಿ ಸೇರಿ ಗ್ರೀಲಿಯನ್ನು ಅಭ್ಯರ್ಥಿ ಮಾಡಿದರು. ಬೇರೆ ದಾರಿ ಕಾಣದೆ ಡೆಮಾಕ್ರಟಿಕ್ ಪಕ್ಷವೂ ಅವನನ್ನೇ ಒಪ್ಪಿತು. ಮೂವತ್ತು ವರ್ಷ ಅದೇ ಪಕ್ಷವನ್ನು ಬೈದು ಬರೆದದ್ದೆಲ್ಲ ಅಚ್ಚಿನಲ್ಲಿತ್ತು, ಎದುರಾಳಿಗಳು ತೆಗೆದು ತೆಗೆದು ತೋರಿಸಿದರು. ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಥಾಮಸ್ ನ್ಯಾಸ್ಟ್ ವಾರವಾರವೂ ಅವನ ಬಿಳಿ ಕೋಟನ್ನು ಬಿಡಿಸಿದ. ಉಪಾಧ್ಯಕ್ಷ ಅಭ್ಯರ್ಥಿ ಗ್ರಾಟ್ಜ್ ಬ್ರೌನ್‌ನ ಚಿತ್ರ ಬಿಡಿಸುವ ಗೋಜಿಗೇ ಹೋಗದೆ, ಆ ಕೋಟಿನ ಬಾಲಕ್ಕೆ ಹೆಸರು ಬರೆದ ಚೀಟಿ ಅಂಟಿಸಿಬಿಟ್ಟ.

ಅಕ್ಟೋಬರಿನಲ್ಲಿ ಗ್ರೀಲಿ ಪ್ರಚಾರ ನಿಲ್ಲಿಸಿ ಕಾಯಿಲೆಯ ಹೆಂಡತಿಯ ಹಾಸಿಗೆಯ ಪಕ್ಕ ಕೂತ. ಮೇರಿ ಅಕ್ಟೋಬರ್ 30ರಂದು ತೀರಿಕೊಂಡಳು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಪಿಕೀ ಎಂದು ಮುದ್ದು ಮಾಡುತ್ತಿದ್ದ ಐದು ವರ್ಷದ ಮಗ 1849ರಲ್ಲೇ ಕಾಲರಾದಿಂದ ಹೋಗಿದ್ದ. ನವೆಂಬರ್ 5ರ ಮತದಾನದಲ್ಲಿ ಗ್ರಾಂಟ್‌ಗೆ ಸುಮಾರು 36 ಲಕ್ಷ, ಗ್ರೀಲಿಗೆ 28 ಲಕ್ಷ ಮತ. ಗೆದ್ದದ್ದು ಆರೇ ರಾಜ್ಯ. ತಾನು ಅಧ್ಯಕ್ಷ ಪದವಿಗೆ ನಿಂತಿದ್ದೇನೋ ಸೆರೆಮನೆಗೆ ನಿಂತಿದ್ದೇನೋ ತಿಳಿಯದಷ್ಟು ಬೈಸಿಕೊಂಡೆ ಎಂದು ಗೆಳೆಯರೊಬ್ಬರಿಗೆ ಬರೆದ.

ಟ್ರಿಬ್ಯೂನ್‌ಗೆ ಮರಳಿದರೆ ಅಲ್ಲಿ ಅವನ ಕೈಕೆಳಗಿನ ಸಂಪಾದಕ ವೈಟ್‌ಲಾ ರೀಡ್ ಕೈಗೆ ಹಿಡಿತ ಹೋಗಿತ್ತು. ಮನಸ್ಸು ಕದಡಿತು. ನವೆಂಬರ್ 29ರಂದು, ಪ್ಲೆಸೆಂಟ್‌ವಿಲ್‌ನಲ್ಲಿ ವೈದ್ಯರೊಬ್ಬರ ಖಾಸಗಿ ಆರೈಕೆಮನೆಯಲ್ಲಿ ಕಣ್ಣುಮುಚ್ಚಿದ. ಜನರ ಮತದ ಮೇಲೆ ರಾಜ್ಯಗಳಿಂದ ಆಯ್ಕೆಯಾಗಿ ಅಧ್ಯಕ್ಷನನ್ನು ವಿಧಿವತ್ತಾಗಿ ಆರಿಸುವ ಚುನಾಯಕರು ಇನ್ನೂ ಮತ ಹಾಕಿರಲಿಲ್ಲ. ಅವನ ಪಾಲಿನ 66 ಮತಗಳು ಬೇರೆ ಬೇರೆಯವರಿಗೆ ಹಂಚಿಹೋದವು. ಜಾರ್ಜಿಯಾದ ಮೂವರು ಮಾತ್ರ ಸತ್ತವನಿಗೇ ಹಾಕಿದರು, ಕಾಂಗ್ರೆಸ್ ಅವನ್ನು ಎಣಿಸಲಿಲ್ಲ. ಅಂತ್ಯಕ್ರಿಯೆಗೆ ಗೆದ್ದ ಗ್ರಾಂಟ್ ಬಂದಿದ್ದ.

ಟ್ರಿಬ್ಯೂನ್ ಈಗ ಇದೆಯೇ? ಗ್ರೀಲಿಯ ಗುರುತು ಎಲ್ಲಿದೆ?

1924ರಲ್ಲಿ ಟ್ರಿಬ್ಯೂನ್ ಹಳೆಯ ಶತ್ರು ‘ಹೆರಾಲ್ಡ್’ ಜೊತೆ ಸೇರಿ ‘ಹೆರಾಲ್ಡ್ ಟ್ರಿಬ್ಯೂನ್’ ಆಯಿತು, 1966ರಲ್ಲಿ ನಿಂತಿತು. ಅದರ ಪ್ಯಾರಿಸ್ ಆವೃತ್ತಿ ಬೇರೆ ಮಾಲೀಕರ ಕೈಯಲ್ಲಿ ‘ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್’ ಆಗಿ 2013ರವರೆಗೆ ಬಂತು. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಚಾಪಕ್ವಾ ಊರಿನಲ್ಲಿ ಅವನು ಜೌಗು ಬಸಿದು ಮಾಡಿದ ತೋಟ, 1856ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿಸಿದ ಕೊಟ್ಟಿಗೆ ಇತ್ತು. ಮಗಳು ಆ ಕೊಟ್ಟಿಗೆಯನ್ನೇ ಮುಂದೆ ಮನೆ ಮಾಡಿಕೊಂಡಳು.

ನ್ಯೂಯಾರ್ಕಿನಲ್ಲಿ ಅವನ ಪ್ರತಿಮೆಗಳು ಎರಡಿವೆ. ಸಿಟಿ ಹಾಲ್ ಪಾರ್ಕಿನದು ಮೊದಲು ಟ್ರಿಬ್ಯೂನ್ ಕಟ್ಟಡದ ಎದುರಿಗಿತ್ತು. ಇನ್ನೊಂದು, 1894ರದು, 33ನೇ ಬೀದಿಯ ಬಳಿ ಗ್ರೀಲಿ ಚೌಕದಲ್ಲಿದೆ. ಅದಕ್ಕೆ ಹಣ ಹಾಕಿದವರಲ್ಲಿ ಅವನು ಮೊದಲ ಅಧ್ಯಕ್ಷನಾಗಿದ್ದ ಅದೇ ಮುದ್ರಣ ಕಾರ್ಮಿಕರ ಸಂಘವೂ ಒಂದು. ಎರಡೂ ಕಡೆ ಆತ ಕುರ್ಚಿಯಲ್ಲಿ ಕೂತಿದ್ದಾನೆ. ಗ್ರೀಲಿ ಚೌಕದಿಂದ ಒಂದು ಬೀದಿ ದಾಟಿದರೆ ಬೆನೆಟ್‌ನ ಪತ್ರಿಕೆಯ ಹೆಸರಿನ ಹೆರಾಲ್ಡ್ ಚೌಕ.